ಹಾಡು ಹಾಕುತ್ತಿದ್ದವರು ತೀರ್ಪು ಕೊಡತೊಡಗಿದಾಗ

ಯಲ್ಲದಕೆರೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸಿನ ಕೆಲಸಕ್ಕೆ ಕುತ್ತು ತರಲು ನಮ್ಮ ಸರ್‌ಗೆ ಹನ್ನೊಂದು ನಿಮಿಷ ಸಾಕಾಯಿತು. ಅದರಲ್ಲಿ ಎರಡು ನಿಮಿಷ ಬರೀ ಹಿನ್ನೆಲೆ ಸಂಗೀತ. ಉಳಿದದ್ದರಲ್ಲಿ ಸಾಕ್ಷಿ ಅಂತ ಇದ್ದದ್ದು ಹತ್ತೊಂಬತ್ತು ಸೆಕೆಂಡಿನ ಒಂದು ಮೊಬೈಲ್ ವಿಡಿಯೊ: ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕೂತು ಆಕೆ ಅನ್ನ ಸಾರು ಉಣ್ಣುತ್ತಿದ್ದಾರೆ, ಆಚೆ ಮಕ್ಕಳು ಖಾಲಿ ತಟ್ಟೆ ಹಿಡಿದು ನಿಂತಿದ್ದಾರೆ. ಮಿಕ್ಕಿದ್ದೆಲ್ಲ ಸರ್ ಅವರ ಮುಖ, ಸರ್ ಅವರ ಕೈ, ಸರ್ ಅವರ ನೋವು.

ಆಫೀಸಿನಲ್ಲಿ ಅವರನ್ನು ಸರ್ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗೌರವಕ್ಕಲ್ಲ, ರೂಢಿಗೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಮಾತು ಹೊಂದಿಸಿ ಕೊಡುವ ಕೆಲಸ ಮಾಡಿದವಳು ನಾನು.

ಸರ್ ಹೊಸದುರ್ಗದವರು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಮೈಕು ಹಿಡಿದು, ಹಾಡಿಗೂ ಹಾಡಿಗೂ ನಡುವೆ ಜನರನ್ನು ನಗಿಸುತ್ತಿದ್ದರು. ಹಾಡುಗಾರ ತಡವಾಗಿ ಬಂದರೆ ಅರ್ಧ ಗಂಟೆ ಏನಾದರೂ ಮಾತಾಡಿ ಜನ ಎದ್ದು ಹೋಗದಂತೆ ನೋಡಿಕೊಳ್ಳಬಲ್ಲರು ಎಂಬುದೇ ಅವರ ವಿದ್ಯಾರ್ಹತೆ. ಅದೇ ವಿದ್ಯೆಯ ಮೇಲೆ ಬೆಂಗಳೂರಿನ ಒಂದು ಸಂಗೀತ ವಾಹಿನಿಗೆ ಹೋದರು. ಮುಳ್ಳುಹಂದಿಯಂತೆ ಎದ್ದು ನಿಂತ ಕೂದಲು, ಕೆಂಪು ಫ್ರೇಮಿನ ಕನ್ನಡಕ. ಸಂಜೆ ಐದಕ್ಕೆ ಅವರ ಕಾರ್ಯಕ್ರಮ. ಫೋನ್ ಮಾಡಿದವರನ್ನು ಊಟ ಆಯ್ತಾ ಎಂದು ಕೇಳಿ, ಏನು ಸಾರು ಎಂದು ಕೇಳಿ, ಯಾರು ಏನೇ ಹೇಳಲಿ "ವಾವ್, ಸೂಪರ್" ಎಂದು, ಹಾಡು ಹಾಕುವುದು.

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಐದು ಗಂಟೆಗೆ ಯಾರೂ ಅಮ್ಮನನ್ನು ಮಾತಾಡಿಸುವಂತಿರಲಿಲ್ಲ. ಆಕೆ ಒಂದು ಮಳೆಗಾಲವಿಡೀ ಆ ನಂಬರಿಗೆ ಪ್ರಯತ್ನಿಸಿ ಕೊನೆಗೂ ಲೈನ್ ಹಿಡಿದಳು. ಆದರೆ ಮೊದಲು ಫೋನ್ ಎತ್ತಿದ್ದು ಸರ್ ಅಲ್ಲ, ಯಾವುದೋ ಹುಡುಗಿ. "ಮೇಡಂ, ಇವತ್ತು ಮೂರು ಹಾಡು ಇದಾವೆ, ಅದ್ರಲ್ಲಿ ಒಂದು ಕೇಳಿ" ಎಂದಳು. ಅಮ್ಮನಿಗೆ ಬೇಕಾದದ್ದು ಆ ಮೂರರಲ್ಲಿ ಇರಲಿಲ್ಲ. ಆದರೂ ಒಂದನ್ನು ಒಪ್ಪಿಕೊಂಡು, ಲೈನಿಗೆ ಸರ್ ಬಂದಾಗ "ಇದು ನಂಗೆ ಬಾಳ ಇಷ್ಟದ ಹಾಡು ಸರ್" ಎಂದು ಸುಳ್ಳು ಹೇಳಿದಳು. ನನಗಾಗ ಹತ್ತು ವರ್ಷ.

"ಯಾಕಮ್ಮ ಸುಳ್ಳೇಳಿದೆ?"

"ಅಷ್ಟು ದೊಡ್ಡೋರು ಕೇಳ್ತಾ ಅವ್ರೆ, ಇಲ್ಲ ಅನ್ನಾಕಾಗ್ತೈತೇನೇ?"

ಚರ್ಚಾಸ್ಪರ್ಧೆಗಳಲ್ಲಿ ಆಮೇಲೆ ನಾನು ಕಲಿತ ಮೊದಲ ಪಾಠವೂ ಇದೇ: ಪ್ರಶ್ನೆ ಕೇಳುವವನು ಉತ್ತರಗಳ ಪಟ್ಟಿಯನ್ನೂ ತಾನೇ ಕೊಟ್ಟರೆ ಅದು ಪ್ರಶ್ನೆಯಲ್ಲ.

ಜನರ ಕೈಗೆ ಮೊಬೈಲ್ ಬಂದಿತು, ಬೇಕಾದ ಹಾಡು ಬೇಕಾದಾಗ ಸಿಗತೊಡಗಿತು, ಸಂಜೆ ಐದರ ಕಾರ್ಯಕ್ರಮ ನಿಂತಿತು. ಸರ್ ಒಂದೆರಡು ಸಿನಿಮಾಗಳಲ್ಲಿ ನಾಯಕನ ಗೆಳೆಯನಾಗಿ ಒದೆ ತಿಂದರು. ಆಮೇಲೆ ಒಂದು ಸುದ್ದಿವಾಹಿನಿ ಯಾರೋ ನಟನ ವಿಚ್ಛೇದನದ ಬಗ್ಗೆ ಚರ್ಚೆಗೆ ಕರೆಯಿತು. ಮಾತು ನಿಲ್ಲಿಸದೆ ಇರುವ ಆರ್ಕೆಸ್ಟ್ರಾ ವಿದ್ಯೆ ಅಲ್ಲಿ ಎಷ್ಟು ಬೆಲೆಬಾಳುತ್ತದೆ ಎಂಬುದು ಅಂದು ವಾಹಿನಿಗೂ ತಿಳಿಯಿತು, ಸರ್‌ಗೂ ತಿಳಿಯಿತು. ವಿಚ್ಛೇದನದಿಂದ ಉಪಚುನಾವಣೆಗೆ, ಅಲ್ಲಿಂದ ನದಿನೀರಿಗೆ, ಅಲ್ಲಿಂದ ವಿದೇಶಾಂಗ ನೀತಿಗೆ ಬಂದರು. ಕೂದಲು ಮಲಗಿತು, ಕೆಂಪು ಫ್ರೇಮ್ ಹೋಯಿತು, ಖಾದಿ ಜುಬ್ಬಾ ಬಂದಿತು. ಹೆಸರಿನ ಕೆಳಗೆ 'ಹಿರಿಯ ವಿಶ್ಲೇಷಕರು' ಎಂದು ಬರತೊಡಗಿತು. ಏನನ್ನು ವಿಶ್ಲೇಷಿಸಿ ಹಿರಿಯರಾದರು ಎಂದು ಕೇಳುವ ಪದ್ಧತಿ ಆ ರಂಗದಲ್ಲಿ ಇಲ್ಲ. ಕೊನೆಗೆ ಚಿತ್ರದುರ್ಗದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆ ಹಿಡಿದು, ತಮ್ಮದೇ ಯೂಟ್ಯೂಬ್ ಚಾನೆಲ್ ತೆರೆದು, ಮಣ್ಣಿನ ಮಗನಾಗಿ ಮರಳಿದರು. ಹಿಂದಿನ ಗೋಡೆಗೆ ಕೋಟೆಯ ದೊಡ್ಡ ಚಿತ್ರ. ಕೋಟೆ ಹತ್ತಿದರೆ ಮಂಡಿ ನೋಯುತ್ತದೆ ಎಂದು ಅದರ ಬಾಗಿಲಿಗೂ ಹೋಗದವರು, ದಿನಾ ಅದರ ಮುಂದೆ ಕೂತು ದುರ್ಗದ ಗಂಡುಗಲಿಗಳ ರಕ್ತದ ಬಗ್ಗೆ ಮಾತಾಡುತ್ತಿದ್ದರು.

ನನ್ನನ್ನು ಕಂಡುಹಿಡಿದದ್ದು ಅಲ್ಲಿನ ಕಾಲೇಜೊಂದರ ಚರ್ಚಾಸ್ಪರ್ಧೆಯಲ್ಲಿ. ಸರ್ ತೀರ್ಪುಗಾರರು. ವಿಷಯ, ಜಾಲತಾಣಗಳು ವರವೋ ಶಾಪವೋ. ಈ ವಿಷಯವಿಟ್ಟವರ ಮೇಲೆಯೇ ಒಂದು ಸ್ಪರ್ಧೆ ಇಡಬೇಕು ಎಂದುಕೊಂಡೇ ಮಾತಾಡಿ ಗೆದ್ದೆ. ಸರ್ ಕೊನೆಯ ಇಬ್ಬರು ಮಾತಾಡುವ ಹೊತ್ತಿಗೆ ಬಂದು, "ವರವೂ ಹೌದು, ಶಾಪವೂ ಹೌದು, ನಮ್ಮ ಕೈಯಲ್ಲಿದೆ" ಎಂದು ಚಪ್ಪಾಳೆ ಗಿಟ್ಟಿಸಿದರು. ನಾನು ಮಾತಾಡಿದಾಗ ಅವರು ಇನ್ನೂ ದಾರಿಯಲ್ಲಿದ್ದರು. ಆದರೂ ಕೈಕುಲುಕಿ, "ನಿನ್ನ ವಾಯ್ಸ್ ಚೆನ್ನಾಗೈತಮ್ಮ, ನನ್ ಹತ್ರ ಬಾ" ಎಂದರು. ಹೋದೆ. ಡಿಗ್ರಿ ಮುಗಿದಿತ್ತು, ಬೇರೆ ಯಾರೂ ಕರೆದಿರಲಿಲ್ಲ. ಅದಕ್ಕಿಂತ, ನಾನು ಬರೆದ ಮಾತನ್ನು ಸಾವಿರಾರು ಜನ ಕೇಳುತ್ತಾರೆ ಎಂಬ ಆಸೆ ನನಗೂ ಇತ್ತು. ನನ್ನನ್ನು ಈ ಲೆಕ್ಕದಿಂದ ಹೊರಗಿಟ್ಟು ಬರೆದರೆ ಅದೂ ಒಂದು ಹಿರಿಯ ವಿಶ್ಲೇಷಣೆಯೇ ಆದೀತು.

ಆಫೀಸಿನಲ್ಲಿ ನಾವು ಮೂವರು: ಸರ್, ನಾನು, ಹಿರಿಯೂರಿನ ಒಬ್ಬ ಕ್ಯಾಮೆರಾ ಅಣ್ಣ. ಚಿತ್ರ ತೆಗೆಯುವುದೂ ಕತ್ತರಿಸುವುದೂ ಆತನೇ. ಬೆಳಗ್ಗೆ ಸರ್ ಮೊಬೈಲಿಗೆ ಬಂದ ಸಂದೇಶಗಳನ್ನು ಓದುತ್ತಿದ್ದರು. ಇಂಥ ಊರಿನಲ್ಲಿ ಇಂಥವರು ಹೀಗೆ ಮಾಡಿದ್ದಾರೆ ಎಂದು ಯಾರೋ ಕಳಿಸುವುದು. ಸರ್ "ಇದು ಹಾಕಾಣ" ಎನ್ನುವುದು. ಹಾಕಾಣ! ಹದಿನೈದು ವರ್ಷ ಹಾಡಿಗೆ ಹೇಳಿದ ಮಾತೇ ಇದು. ಕೇಳಿದವರು ಯಾರು, ಯಾಕೆ ಕೇಳುತ್ತಿದ್ದಾರೆ ಎಂಬ ವಿಚಾರಣೆ ಹಾಡಿಗೆ ಬೇಕಿರಲಿಲ್ಲ, ಆರೋಪಕ್ಕೂ ಬೇಡ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ತೀರ್ಪುಗಳು ಮೂರು ಮೊದಲೇ ಸಿದ್ಧ ಇರುತ್ತಿದ್ದವು: ಮಾನವೀಯತೆ ಸತ್ತಿದೆ, ವ್ಯವಸ್ಥೆ ಕೊಳೆತಿದೆ, ನಮ್ಮ ಸಂಸ್ಕೃತಿ ಎಲ್ಲಿಗೆ ಹೋಯಿತು. ಬಂದ ಸಂಗತಿ ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಅಷ್ಟೆ.

ಆ ಹತ್ತೊಂಬತ್ತು ಸೆಕೆಂಡು ಬಂದದ್ದು ಹೀಗೆಯೇ, ಒಂದು ಬೆಳಗ್ಗೆ. 'ಮಕ್ಕಳ ಅನ್ನ ತಿನ್ನುವ ಅಡುಗೆಯವಳು' ಎಂದು ಕೆಳಗೆ ಬರೆದಿತ್ತು. ಸರ್ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು, ಅದೊಂದು ಕಲೆ ಅವರಿಗಿದೆ.

ಹೊಳಲ್ಕೆರೆಯಲ್ಲಿ ಏಳು ವರ್ಷ ಬಿಸಿಯೂಟ ಉಂಡವಳು ನಾನು. ಹೀಗಾಗಿ ಹೇಳಿದೆ: "ಸರ್, ಅದು ತಪ್ಪಲ್ಲ. ಮಕ್ಕಳಿಗೆ ಬಡಿಸೋ ಅರ್ಧ ಗಂಟೆ ಮುಂಚೆ ಅಡುಗೆಯವರು ಉಂಡು ನೋಡ್ಬೇಕು, ಮೇಷ್ಟ್ರೂ ನೋಡ್ಬೇಕು. ಅದಕ್ಕೇಂತ ಪುಸ್ತಕ ಇರುತ್ತೆ, ಸಹಿ ಮಾಡ್ತಾರೆ. ಉಣ್ಣದಿದ್ರೆ ತಪ್ಪು."

ಸರ್ ಓದಿದ ಕಾಲಕ್ಕೆ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ಆಮೇಲೆ ಯಾವ ಶಾಲೆಯ ಒಳಗೂ ಅವರು ಮುಖ್ಯ ಅತಿಥಿಯಾಗಿಯಲ್ಲದೆ ಕಾಲಿಟ್ಟಿರಲಿಲ್ಲ. ಒಂದು ಕ್ಷಣ ಯೋಚಿಸಿದರು.

"ರುಚಿ ನೋಡಾಕೆ ಒಂದು ತುತ್ತು ಸಾಕಲ್ವೇನಮ್ಮ? ತಟ್ಟೆ ಯಾಕೆ ಬೇಕು?"

"ತುತ್ತನ್ನ ನೆಲದ ಮೇಲೆ ಹಾಕ್ಕೊಂಡು ಉಣ್ಣೋಕಾಗುತ್ತಾ ಸರ್?"

"ಏಯ್, ಇದೇನು ನಿನ್ನ ಕಾಲೇಜಲ್ಲ. ನೀನು ಹೇಳಿದ್ದು ಸರಿನೇ ಇದ್ರೆ ನಾಳೆ ಅದ್ನೇ ಇನ್ನೊಂದು ಮಾಡಾಣ. ಇವತ್ತು ಇದು ಹೋಗ್ಲಿ."

ಕ್ಯಾಮೆರಾ ಅಣ್ಣ ತಲೆ ಎತ್ತದೆ ಕೇಳಿದ: "ಮ್ಯೂಸಿಕ್ ಯಾವ್ದಾಕ್ಲಿ ಸರ್? ಅಳೋದಾ, ಸಿಟ್ಟಿಂದಾ?"

"ಮೊದ್ಲು ಅಳೋದು. ಆಮೇಲೆ ಸಿಟ್ಟಿಂದು."

ನಾನು ಇನ್ನೂ ಒಂದು ಸಲ ಹೇಳಬಹುದಿತ್ತು. ಎದ್ದು ಹೋಗಬಹುದಿತ್ತು. ಬದಲಿಗೆ ಎಂದಿನಂತೆ ಮಾತು ಹೊಂದಿಸಿ ಕೊಟ್ಟು, ಶೀರ್ಷಿಕೆಯಲ್ಲಿ 'ಕಳ್ಳಿ' ಎಂಬ ಪದ ಬೇಡ ಎಂದು ವಾದಿಸಿ ಗೆದ್ದೆ. ಆ ಸಂಜೆ ಹೊಳಲ್ಕೆರೆ ಬಸ್ಸಿನಲ್ಲಿ ಅದನ್ನೇ ದೊಡ್ಡ ಸಾಧನೆ ಎಂದುಕೊಂಡು ಮನೆಗೆ ಹೋದೆ.

ವಿಡಿಯೊ ಹೊರಬಿದ್ದ ಮರುದಿನವೇ ಹಿರಿಯೂರಿನಿಂದ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಶಾಲೆಗೆ ಫೋನ್ ಮಾಡಿದರಂತೆ. ಹೆಡ್ಮಾಸ್ಟರ್ ಹೆದರಿ, ಶಾಲಾ ಸಮಿತಿಯ ಸಭೆ ಆಗುವ ತನಕ ಅಡುಗೆಯಾಕೆ ಮನೆಯಲ್ಲೇ ಇರಲಿ ಎಂದರಂತೆ. ಮುಂದಿನ ವಾರ ಸಭೆ. ಆಕೆ ಇರಬೇಕೋ ಬೇಡವೋ ಅಂದೇ ತೀರ್ಮಾನ. ಇದೆಲ್ಲ ಸರ್‌ಗೆ ತಿಳಿದಾಗ ಅವರು ಹಿಗ್ಗಿದ್ದನ್ನು ನೋಡಬೇಕಿತ್ತು. ಟೀವಿಯವರ ಭಾಷೆಯಲ್ಲಿ ಇದಕ್ಕೆ ಇಂಪ್ಯಾಕ್ಟ್ ಎನ್ನುತ್ತಾರೆ. ಒಬ್ಬರ ಒಲೆ ಆರಿದರೆ ಇವರ ಪರದೆಯ ಮೇಲೆ ಕೆಂಪಕ್ಷರದಲ್ಲಿ ಆ ಪದ ಉರಿಯುತ್ತದೆ. "ಸಭೆಗೆ ನಾವೇ ಹೋಗಾಣ" ಎಂದರು. ನಿಯಮದ ಹಾಳೆಯನ್ನು ಎಲ್ಲಿಂದಲೋ ಹುಡುಕಿ ಮುದ್ರಿಸಿ ಅವರ ಮೇಜಿನ ಮೇಲಿಟ್ಟೆ. ಅದರ ಮೇಲೆ ಕಾಫಿ ಲೋಟ ಇಟ್ಟರು.

ಸಭೆಯ ದಿನ ಹಿರಿಯೂರು ದಾಟಿ ಹೋದೆವು. ಐದನೇ ಕ್ಲಾಸಿನ ಕೋಣೆ, ಮಕ್ಕಳ ಗಿಡ್ಡ ಬೆಂಚುಗಳು. ಸಮಿತಿಯ ಗಂಡಸರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಸರ್ ಒಳಗೆ ಬರುತ್ತಲೇ ಎಲ್ಲರೂ ಎದ್ದರು. "ಬರ್ರಿ ಸರ್, ಕುಂತ್ಕಳ್ರಿ" ಎಂದು ಹೆಡ್ಮಾಸ್ಟರ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಸಮಿತಿಯ ಒಬ್ಬ ಹೆಂಗಸು ದಿಟ್ಟಿಸಿ ನೋಡಿ ಬಾಯಿಗೆ ಕೈ ಹಿಡಿದರು.

"ಅಯ್ಯ, ನೀವಲ್ವೇನ್ರಿ ಟೀವಿನಾಗೆ ಹಾಡು ಹಾಕ್ತಿದ್ದೋರು? ಮುಳ್ಳುಮುಳ್ಳು ಕೂದ್ಲು!"

"ಹೌದಮ್ಮ, ನಾನೇ."

"ನಾನು ಫೋನ್ ಮಾಡಿದ್ದೆ ಕಣ್ರಿ. ಹಲೋ ಅನ್ನಾದ್ರಾಗೆ ಕಟ್ ಆತು."

"ಇವತ್ತು ಕಟ್ ಆಗಲ್ಲಮ್ಮ, ಮಾತಾಡಿ!" ಎಂದರು ಸರ್. ಕೋಣೆಯೆಲ್ಲ ನಕ್ಕಿತು. ಒಬ್ಬರ ಅನ್ನದ ಪ್ರಶ್ನೆ ತೀರ್ಮಾನಿಸಲು ಕೂತವರು ಸಾಲಾಗಿ ನಿಂತು ಸರ್ ಜೊತೆ ಫೋಟೊ ತೆಗೆಸಿಕೊಂಡರು. ಫೋಟೊ ತೆಗೆದುಕೊಟ್ಟವಳು ನಾನು.

ಆಮೇಲೆ ಸಮಿತಿಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಸಾಹೇಬ್ರೇ ಹೇಳಿದ್ಮೇಲೆ ಇನ್ನೇನೈತೆ. ಬೇರೆಯೋರ್ನ ನೋಡ್ಕಳಾದೇ ಸೈ" ಎಂದರು. ನಾನು ಎದ್ದು ನಿಂತೆ. ಮೂರು ಅಂಶ ಹೇಳಿದೆ. ಒಂದು, ಉಂಡು ನೋಡುವುದು ನಿಯಮ. ಎರಡು, ವಿಡಿಯೊದಲ್ಲಿ ಹೊತ್ತು ಎಷ್ಟೆಂದು ಇಲ್ಲ, ಪುಸ್ತಕದಲ್ಲಿ ಇದೆ, ಅದನ್ನು ತರಿಸಿ. ಮೂರು, ವಿಡಿಯೊ ತೆಗೆದವರು ಯಾರು, ಯಾಕೆ ತೆಗೆದರು ಎಂದು ಯಾರೂ ಕೇಳಿಲ್ಲ. ಪ್ರಶಸ್ತಿ ಫಲಕ ತಂದುಕೊಡುವಂಥ ಮಾತು. ಅಧ್ಯಕ್ಷರು ಕೊನೆಯವರೆಗೂ ಕೇಳಿ, ಕಳಕಳಿಯಿಂದ ವಿಚಾರಿಸಿದರು:

"ಯಾವೂರಮ್ಮ ನಿಂದು?"

"ಹೊಳಲ್ಕೆರೆ."

"ಓ, ಅಡಿಕೆ ಊರು. ಕುಂತ್ಕ, ಕುಂತ್ಕ. ರೇಟ್ ಹೆಂಗೈತೆ ಈಗ?"

ಸರ್ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದು ಇನ್ನೂ ಕೆಟ್ಟದ್ದು.

ಅಷ್ಟರಲ್ಲಿ ಅಡುಗೆಯಾಕೆ ಬಾಗಿಲಲ್ಲಿ ಬಂದು ನಿಂತರು. ಐವತ್ತರ ಆಸುಪಾಸು, ದೊಡ್ಡ ಕುಂಕುಮ, ಕಂಕುಳಲ್ಲಿ ಅಡುಗೆ ಕೋಣೆಯಿಂದ ತಂದ ಉದ್ದನೆಯ ಪುಸ್ತಕ. ಅಳುತ್ತಾ ಬರುತ್ತಾರೆ ಎಂದು ಸರ್ ಕ್ಯಾಮೆರಾ ಅಣ್ಣನಿಗೆ ಕಣ್ಸನ್ನೆ ಮಾಡಿದ್ದರು. ಆಕೆ ಅಳಲಿಲ್ಲ.

"ನೀವೇ ಏನ್ರಿ ನನ್ ಉಣ್ಣಾದು ಊರಿಗೆಲ್ಲ ತೋರಿಸ್ದೋರು?"

ಸರ್ ಬಾಯಿ ತೆರೆಯುವ ಮುಂಚೆ ಆಕೆ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ದಿನಕ್ಕೊಂದು ಸಾಲು: ಏನು ಅಡುಗೆ, ಎಷ್ಟು ಗಂಟೆಗೆ, ಯಾರು ಉಂಡು ನೋಡಿದ್ದು, ಹೇಗಿತ್ತು. ಪ್ರತಿ ಸಾಲಿನ ಕೊನೆಗೆ ಆಕೆಯ ಸಹಿ, ಒಬ್ಬ ಮೇಷ್ಟ್ರ ಸಹಿ.

"ಸಾರಿನಾಗೆ ಹಲ್ಲಿ ಬಿದ್ದಿದ್ರೆ ಮೊದ್ಲು ಸಾಯಾಳು ನಾನು. ಅದುಕ್ಕೇ ಮೊದ್ಲು ಉಣ್ಣಾದು. ನಾನು ಉಂಡಿದ್ದು ನೋಡಿದ್ರಲ್ಲ, ಉಂಡು ಅರ್ಧ ಗಂಟೆ ಬದುಕಿರ್ತಾಳಾ ಅಂತ ಯಾರಾನ ನೋಡಿದ್ರಾ?"

ಆಕೆ ಮೂಲೆಯ ಬೆಂಚಿನಲ್ಲಿದ್ದ ಒಬ್ಬ ಸದಸ್ಯನ ಕಡೆ ತಿರುಗಿದರು. "ಏನಪ್ಪ, ನೀನೇ ತೆಗ್ದಿದ್ದಲ್ವಾ ಮೊಬೈಲ್ನಾಗೆ? ನಿನ್ ತಮ್ಮನ ಹೆಂಡ್ತಿಗೆ ಈ ಕೆಲ್ಸ ಬೇಕಿದ್ರೆ ಬಾಯ್ಬಿಟ್ಟು ಕೇಳಾದಲ್ವಾ?" ಆತ ಹೊರಗೆ ಯಾರೋ ಕರೆದರೆಂಬಂತೆ ಎದ್ದು ಹೋದ. ಯಾರೂ ಕರೆದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕುರ್ಚಿಯಲ್ಲಿ ಕುಗ್ಗುತ್ತಿದ್ದರು. ಸರ್ ಅರಳಿದರು. ಇದಕ್ಕಿಂತ ಒಳ್ಳೆಯ ದೃಶ್ಯ ಸಿಗದು ಎಂದು ಅವರಿಗೆ ಹೊಳೆದದ್ದು ನನಗೆ ಕಾಣಿಸಿತು. ಎದ್ದು ನಿಂತು ಕ್ಯಾಮೆರಾಕ್ಕೆ ಮುಖ ಕೊಟ್ಟರು. "ವೀಕ್ಷಕರೇ, ಇದು ತಾಯಿ ಹೃದಯ. ತನ್ನ ಜೀವ ಪಣಕ್ಕಿಟ್ಟು ಮಕ್ಕಳಿಗೆ ಅನ್ನ ಹಾಕುವ ತಾಯಿ. ಕೆಲವರು ತಪ್ಪು ಮಾಹಿತಿ ಹರಡಿದ್ದಾರೆ. ಅಂಥವರಿಗೆ ನಾಚಿಕೆಯಾಗಬೇಕು." ಹರಡಿದ ಬಾಯಿ ಯಾವುದೆಂಬುದು ಆ ವಾಕ್ಯದಲ್ಲಿ ಎಲ್ಲೂ ಸಿಗಲಿಲ್ಲ. ವ್ಯಾಕರಣವನ್ನು ಇಷ್ಟು ಚೆನ್ನಾಗಿ ಬಳಸಿ ಓಡಿಹೋದವರನ್ನು ನಾನು ಬೇರೆ ಕಂಡಿಲ್ಲ.

ಆ ವಾರ ಆಕೆಯ ಬದಲು ಒಲೆ ನೋಡಿಕೊಳ್ಳುತ್ತಿದ್ದ ಸಹಾಯಕಿ ಅಂದಿನ ಬಿಸಿಯೂಟದ ಅಡುಗೆ ಮುಗಿಸಿದ್ದಳು. "ಅಕ್ಕಾ, ನಿಮ್ಮ ಶಾಲೆ ಊಟ ನಾನೂ ಉಣ್ಣಬೇಕು" ಎಂದು ಸರ್ ತಟ್ಟೆ ತರಿಸಿಕೊಂಡು, ಕ್ಯಾಮೆರಾದ ಮುಂದೆ ನಾಲ್ಕು ತುತ್ತು ಉಂಡು, ಕಣ್ಣು ಮುಚ್ಚಿ, "ಸೂಪರ್" ಎಂದರು. ಆಕೆ ಪುಸ್ತಕವನ್ನು ಅವರ ಕಡೆ ತಳ್ಳಿದರು.

"ಬರೀರಿ."

ಸರ್ ನಕ್ಕು, ಪೆನ್ನು ಇಸಿದುಕೊಂಡು, 'ಪ್ರೀತಿಯಿಂದ' ಎಂದು ದೊಡ್ಡದಾಗಿ ಬರೆದು ಓರೆಯಾಗಿ ಸಹಿ ಹಾಕಿದರು. ಪಕ್ಕದಲ್ಲಿ ಒಂದು ಹೃದಯ.

"ಇದಲ್ರಿ. ಏನುಂಡ್ರಿ, ಎಷ್ಟೊತ್ನಾಗೆ ಉಂಡ್ರಿ, ಹೆಂಗಿತ್ತು. ಮಕ್ಕಳಿಗಿಂತ ಮೊದ್ಲು ಉಂಡೋರು ಎಲ್ಲಾರೂ ಬರೀಬೇಕು. ನಾನಾದ್ರೂ ಅಷ್ಟೇ, ನೀವಾದ್ರೂ ಅಷ್ಟೇ."

ಹೃದಯದ ಕೆಳಗೆ ಸರ್ ಬರೆದರು: ಅನ್ನ, ಸಾರು. ಹನ್ನೆರಡು ಮುಕ್ಕಾಲು. ಚೆನ್ನಾಗಿದೆ.

ಅಧ್ಯಕ್ಷರು ಬಗ್ಗಿ ಓದಿದರು. "ಸಾಹೇಬ್ರೇ ಉಂಡು ಸಹಿ ಹಾಕವ್ರೆ. ಇನ್ನೇನು ಮಾತು, ಆಯಮ್ಮನೇ ಇರ್ಲಿ" ಎಂದರು. ಎಲ್ಲರೂ ಹೂಂ ಅಂದರು. ಮುಗಿಯಿತು. ಹೋಗಬೇಕಾದದ್ದೂ ಸಾಹೇಬರ ಮಾತಿಗೆ, ಉಳಿದದ್ದೂ ಸಾಹೇಬರ ಮಾತಿಗೆ. ನಿಯಮ, ಪುಸ್ತಕ, ಹೊತ್ತು, ಸಾಕ್ಷಿ ಯಾವುದೂ ಆ ಕೋಣೆಯಲ್ಲಿ ಕೈ ಎತ್ತಲಿಲ್ಲ.

ಕಾರಿನ ಹತ್ತಿರ ನಿಂತಿದ್ದಾಗ ಆಕೆ ನನ್ನ ಬಳಿ ಬಂದರು. ಮೆಚ್ಚುಗೆ ಹೇಳುತ್ತಾರೆ ಎಂದುಕೊಂಡೆ, ಎದ್ದು ಮಾತಾಡಿದವಳು ನಾನೊಬ್ಬಳೇ ತಾನೆ.

"ನಿಂಗೆ ಈ ರೂಲ್ಸೆಲ್ಲ ಮೊದ್ಲೇ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಅಮ್ಮ. ಸರ್‌ಗೆ ಅವತ್ತೇ ಹೇಳಿದ್ದೆ."

"ಹೇಳಿ?"

ಆಕೆ ಕಾದರು. ಆಮೇಲೆ, "ಒಂದು ವಾರ ನನ್ ಮೊಮ್ಮಗ ಸ್ಕೂಲಿಗೆ ಬರ್ಲಿಲ್ಲ. ಅನ್ನಗಳ್ಳಿ ಮೊಮ್ಮಗ ಅಂತಿದ್ರಂತೆ" ಎಂದು ಹೇಳಿ ಅಡುಗೆ ಕೋಣೆಯ ಕಡೆ ಹೋದರು. ಮಕ್ಕಳ ಊಟದ ಹೊತ್ತಾಗಿತ್ತು.

ದಾರಿಯಲ್ಲಿ ಸರ್ ಎರಡನೇ ವಿಡಿಯೊಗೆ ಮಾತು ಹೊಂದಿಸಲು ಹೇಳಿದರು. ತಾಯಿ ಹೃದಯ ಎಂದು ಶುರುವಾಗಬೇಕಂತೆ.

"ಮೊದಲನೇದು ತೆಗೀರಿ ಸರ್."

"ಅದು ಇದ್ರೆ ತಾನೇ ಇದಕ್ಕೆ ಅರ್ಥ? ಜನ ಅದ್ನ ನೋಡಿ ಇದ್ನ ನೋಡ್ತಾರೆ."

"ಅದನ್ನಷ್ಟೇ ನೋಡೋರು?"

"ಎಲ್ಲಾರ್ನೂ ನಾವು ತಿದ್ದಾಕಾಗಲ್ಲಮ್ಮ."

"ನಾವು ತಪ್ಪು ಹೇಳಿದ್ವಿ ಅಂತ ಒಂದು ಸಾಲಾದ್ರೂ ಹಾಕಿ."

ಸರ್ ಕಿಟಕಿಯಾಚೆ ನೋಡಿದರು. ಕ್ಯಾಮೆರಾ ಅಣ್ಣ ಗೇರು ಬದಲಿಸಿದ. ಹಿರಿಯೂರು ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸಿ ಎಂದೆ. ಇಳಿಸಿದರು. "ನಾಳೆ ಹತ್ತಕ್ಕೆ ಬಾ, ಸಿಟ್ಟು ಇಳಿದಿರ್ತೈತೆ" ಎಂದರು ಸರ್, ತುಂಬಾ ಪ್ರೀತಿಯಿಂದ.

ಬಸ್ಸು ಕಾಯುತ್ತಾ ಕೂತು ಆ ಮೊದಲ ವಿಡಿಯೊದ ಕೆಳಗೆ ನನ್ನ ಹೆಸರಿನಲ್ಲೇ ಬರೆದೆ. ಈ ಹೆಂಗಸು ಮಾಡಿದ್ದು ನಿಯಮದ ಪ್ರಕಾರ ಆಕೆ ಮಾಡಲೇಬೇಕಾದ ಕೆಲಸ; ಶಾಲೆಯ ಪುಸ್ತಕದಲ್ಲಿ ದಾಖಲೆ ಇದೆ; ಸಮಿತಿ ಆಕೆಯನ್ನು ಉಳಿಸಿಕೊಂಡಿದೆ. ಇಷ್ಟು ಬರೆಯುವುದು ಸುಲಭ. ಕೊನೆಯ ಸಾಲಿಗೆ ಒಂದು ಬಸ್ಸು ತಪ್ಪಿಹೋಯಿತು. 'ಈ ವಿಡಿಯೊಗೆ ಮಾತು ಹೊಂದಿಸಿದವಳು ನಾನು. ಇದು ಸುಳ್ಳೆಂದು ಅದು ಹೊರಹೋಗುವ ಮುಂಚೆಯೇ ನನಗೆ ಗೊತ್ತಿತ್ತು.'

ಸಂಜೆಗೆ ಅದನ್ನು ಅಳಿಸಿದ್ದರು. ಮತ್ತೆ ಹಾಕಿದೆ. ಮತ್ತೆ ಅಳಿಸಿದರು. ಮೂರನೆಯ ಸಲ ಹಾಕುವ ಹೊತ್ತಿಗೆ ಯಾರೋ ಅದರ ಚಿತ್ರ ತೆಗೆದು ಹಂಚಿದ್ದರು. ಅಡುಗೆಯಾಕೆ ಅದೇ ಶಾಲೆಯಲ್ಲಿ ಇದ್ದಾರೆ. ಅವರ ಮೊಮ್ಮಗ ನಾನು ಬರೆದದ್ದನ್ನು ಕ್ಲಾಸಿನಲ್ಲಿ ಓದಿ ತೋರಿಸಿದನಂತೆ, ನನ್ನ ಹೆಸರಿನ ಸಮೇತ.